ರೇಂಜ್ ಇಲ್ಲದಲ್ಲಿ ಬರೆದ ಲೆಕ್ಕ ಕ್ಲೌಡ್‌ನಲ್ಲಿ ಡಬಲ್ ಆಗದಿರಲು

ಕಾಸರಗೋಡಿನ ಮುಳ್ಳೇರಿಯ, ಪೆರ್ಲದ ಒಳಭಾಗಗಳಲ್ಲಿ ಅಡಿಕೆ ತೂಕ ಬರೆದಿಡುವ ಆ್ಯಪ್ ಮಾಡುವವರು ಗಮನಿಸಿ. ಎಂಟ್ರಿ ಮೊದಲು ಫೋನಿನೊಳಗಿನ ಡೇಟಾಬೇಸ್ ಎಸ್‌ಕ್ಯೂಎಲೈಟ್‌ಗೇ ಹೋಗಲಿ. ಅದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎರಡೂ ಆಗಬೇಕು, ಇಲ್ಲವಾದರೆ ಎರಡೂ ಇಲ್ಲ) ‘ಕಳಿಸಲು ಬಾಕಿ’ ಟೇಬಲ್‌ಗೂ ಒಂದು ಸಾಲು ಬೀಳಬೇಕು. ಸರ್ವರ್ ಒಪ್ಪಿದ ಮೇಲಷ್ಟೇ ಅದನ್ನು ತೆಗೆಯಿರಿ.

ಐಡಿಗೆ 1, 2, 3 ಬೇಡವೇ ಬೇಡ. ಎರಡು ಫೋನಿನಲ್ಲೂ 57ನೇ ರಶೀದಿ ಹುಟ್ಟಿದರೆ ಕ್ಲೌಡ್‌ನಲ್ಲಿ ಒಂದು ಇನ್ನೊಂದರ ಮೇಲೆ ಕೂರುತ್ತದೆ. ಫೋನಿನಲ್ಲೇ ಯುಯುಐಡಿ (ಬೇರೆಲ್ಲೂ ಮತ್ತೆ ಹುಟ್ಟದಷ್ಟು ಉದ್ದದ ಐಡಿ) ಹುಟ್ಟಿಸಿ, ಸರ್ವರ್‌ನಲ್ಲಿ ಅಪ್‌ಸರ್ಟ್ ಮಾಡಿ, ಅಂದರೆ ಆ ಐಡಿ ಇಲ್ಲದಿದ್ದರೆ ಸೇರಿಸಿ, ಇದ್ದರೆ ಅದನ್ನೇ ತಿದ್ದಿ. ಡೇಟಾ ತಲುಪಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋದರೆ ಆ್ಯಪ್ ಮತ್ತೆ ಕಳಿಸುತ್ತದೆ. ಐಡಿ ಅದೇ ಇದ್ದರೆ 42 ಕಿಲೋ 84 ಆಗುವುದಿಲ್ಲ.

ಡಿಲೀಟ್ ಆದದ್ದಕ್ಕೆ ಗುರುತು ಮಾತ್ರ ಹಾಕಿ. ಪೂರ್ತಿ ಅಳಿಸಿದರೆ ಇನ್ನೊಂದು ಫೋನಿನಿಂದ ಅದು ವಾಪಸ್ ಬರುತ್ತದೆ. ಕಳಿಸುವುದು ಫೇಲಾದರೆ ಪ್ರತಿ ಸಲ ಬಿಡುವು ಡಬಲ್ ಮಾಡುತ್ತಾ 2, 4, 8 ಸೆಕೆಂಡ್ ಬಿಟ್ಟು ಮತ್ತೆ ಕಳಿಸಿ.