ಬೈಕಿಗೆ ಯಾವ ಪೆಟ್ರೋಲ್: ಸಾಮಾನ್ಯವೋ, ಪ್ರೀಮಿಯಮ್ಮೋ?

ಬಂಕಿನಲ್ಲಿ ಬೈಕ್ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆಗೆಯುವಷ್ಟರಲ್ಲಿ ಪ್ರಶ್ನೆ ಬರುತ್ತದೆ: ಯಾವುದು ಹಾಕಲಿ? ಹಿಂದೆ ಸಾಲು ಬೆಳೆಯುತ್ತಿರುತ್ತದೆ. ಬೆಲೆ ಹೆಚ್ಚಿದ್ದರೆ ಗುಣವೂ ಹೆಚ್ಚಿರಬೇಕು ಎಂದು ಕೆಲವರು ದುಬಾರಿಯದನ್ನೇ ಹಾಕಿಸುತ್ತಾರೆ. ಎಲ್ಲ ಪೆಟ್ರೋಲೂ ಒಂದೇ ಎಂದು ಇನ್ನು ಕೆಲವರು ಅಗ್ಗದ್ದನ್ನು ತೋರಿಸುತ್ತಾರೆ. ಮೊದಲನೆಯವರು ವರ್ಷಗಟ್ಟಲೆ ಹಣ ಕಳೆದುಕೊಳ್ಳುತ್ತಿರಬಹುದು. ಎರಡನೆಯವರ ಬೈಕು ಹೆಚ್ಚಿನ ಆಕ್ಟೇನ್ ಬೇಡುವಂಥದ್ದಾಗಿದ್ದರೆ ಪಿಸ್ಟನ್ನಿಗೇ ಕುತ್ತು ಬರಬಹುದು. ಇದು ಬಂಕಿನಲ್ಲಿ ಅವಸರದಲ್ಲಿ ತೀರ್ಮಾನಿಸುವ ವಿಷಯವಲ್ಲ. ಮನೆಯಲ್ಲಿ ಸ್ವಲ್ಪ ಹೊತ್ತು ಕುಳಿತು ಒಮ್ಮೆ ಸರಿಯಾಗಿ ತಿಳಿದುಕೊಂಡರೆ, ಆ ಬೈಕ್ ನಿಮ್ಮ ಬಳಿ ಇರುವಷ್ಟು ಕಾಲ ಮತ್ತೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಆಕ್ಟೇನ್ ಏನನ್ನು ಅಳೆಯುತ್ತದೆ?

ಪಂಪಿನ ಮೇಲೆ ಕಾಣುವ 87, 91, 95, 98 ಮುಂತಾದ ಅಂಕಿಗಳು ಆಕ್ಟೇನ್ ಸಂಖ್ಯೆಗಳು. ಪೆಟ್ರೋಲಿನಲ್ಲಿ ಎಷ್ಟು ಶಕ್ತಿ ಅಡಗಿದೆ ಎಂಬುದನ್ನು ಅವು ಹೇಳುವುದಿಲ್ಲ. ಒತ್ತಡ ಮತ್ತು ಬಿಸಿ ಏರಿದಾಗ ತಾನಾಗಿಯೇ ಹೊತ್ತಿಕೊಳ್ಳದೆ ಪೆಟ್ರೋಲ್ ಎಷ್ಟು ತಡೆದುಕೊಳ್ಳುತ್ತದೆ ಎಂಬುದರ ಅಳತೆ ಅದು. ಐಸೊ-ಆಕ್ಟೇನ್ ಎಂಬ ದ್ರವಕ್ಕೆ 100, ಬೇಗ ಹೊತ್ತಿಕೊಳ್ಳುವ ಹೆಪ್ಟೇನ್‌ಗೆ 0 ಎಂದು 1920ರ ದಶಕದಲ್ಲಿ ಗೊತ್ತುಮಾಡಿದರು. 95 ಎಂದು ಗುರುತಿಸಿದ ಪೆಟ್ರೋಲ್, ಪರೀಕ್ಷಾ ಎಂಜಿನ್‌ನಲ್ಲಿ 95 ಪಾಲು ಐಸೊ-ಆಕ್ಟೇನ್‌ಗೆ 5 ಪಾಲು ಹೆಪ್ಟೇನ್ ಬೆರೆಸಿದ ದ್ರವದಷ್ಟೇ ತಾಳಿಕೊಳ್ಳುತ್ತದೆ.

ಈ ತಾಳಿಕೆ ಏಕೆ ಬೇಕು ಎಂಬುದು ಸಿಲಿಂಡರಿನೊಳಗೆ ನಡೆಯುವುದನ್ನು ನೋಡಿದರೆ ತಿಳಿಯುತ್ತದೆ. ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದ ಕೂಡಲೇ ಪೆಟ್ರೋಲ್ ಮತ್ತು ಗಾಳಿಯ ಇಡೀ ಮಿಶ್ರಣ ಒಟ್ಟಿಗೆ ಉರಿಯುವುದಿಲ್ಲ. ಜ್ವಾಲೆ ಪ್ಲಗ್ಗಿನ ಬಳಿ ಹುಟ್ಟಿ ಅಂಚಿನ ಕಡೆಗೆ ಹರಡುತ್ತದೆ. ಅದು ಹರಡುತ್ತಿರುವಾಗ ಮೂಲೆಯಲ್ಲಿ ಉಳಿದ ಮಿಶ್ರಣ ಇನ್ನಷ್ಟು ಅದುಮಿಕೊಂಡು ಬಿಸಿಯಾಗುತ್ತದೆ. ಪೆಟ್ರೋಲಿಗೆ ತಾಳಿಕೆ ಸಾಲದಿದ್ದರೆ, ಜ್ವಾಲೆ ತಲುಪುವ ಮೊದಲೇ ಆ ಮೂಲೆಯ ಮಿಶ್ರಣ ಒಮ್ಮೆಲೇ ಹೊತ್ತಿಕೊಂಡು ಒತ್ತಡದ ಅಲೆಗಳನ್ನು ಎಬ್ಬಿಸುತ್ತದೆ. ಇದೇ ನಾಕಿಂಗ್. ಬಲವಾದ ನಾಕಿಂಗ್ ಬಹಳ ಕಾಲ ಮುಂದುವರಿದರೆ ಪಿಸ್ಟನ್ನಿನ ತಲೆ ಸವೆಯುತ್ತದೆ, ರಿಂಗ್ ಕೂರುವ ಅಂಚು ಮುರಿಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ಮಿಶ್ರಣವನ್ನು ಹೆಚ್ಚು ಅದುಮುವ ಎಂಜಿನ್ ಹೆಚ್ಚಿನ ಆಕ್ಟೇನ್ ಬೇಡುತ್ತದೆ. ಅಷ್ಟಾಗಿ ಅದುಮದ ಎಂಜಿನ್‌ಗೆ ಆ ಹೆಚ್ಚುವರಿ ತಾಳಿಕೆ ಕೆಲಸಕ್ಕೇ ಬರುವುದಿಲ್ಲ. ತಡೆಯಲು ಅಲ್ಲಿ ನಾಕಿಂಗ್ ಇದ್ದರಲ್ಲವೇ? ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಹೆಜ್ಜೆ 1: ಕೈಪಿಡಿ ತೆರೆಯಿರಿ

ಬೈಕಿನ ಜೊತೆ ಬಂದ ಮಾಲೀಕರ ಕೈಪಿಡಿಯಲ್ಲಿ ಇಂಧನದ ಪುಟ ಹುಡುಕಿ. ಕೆಲವು ಬೈಕುಗಳಲ್ಲಿ ಟ್ಯಾಂಕಿನ ಮುಚ್ಚಳದ ಹತ್ತಿರವೇ ಚೀಟಿ ಅಂಟಿಸಿರುತ್ತಾರೆ. ಅಲ್ಲಿ ಎರಡು ಸಂಗತಿ ನೋಡಬೇಕು.

ಒಂದು, ಆ ಅಂಕಿ ಕನಿಷ್ಠವೋ, ಶಿಫಾರಸೋ ಎಂಬುದು. ಕನಿಷ್ಠ ಎಂದಿದ್ದರೆ ಅದಕ್ಕಿಂತ ಕೆಳಗಿಳಿಯುವ ಮಾತೇ ಇಲ್ಲ. ಬರಿಯ ಶಿಫಾರಸಾಗಿದ್ದರೆ ಕಡಿಮೆ ಆಕ್ಟೇನ್‌ನಲ್ಲೂ ಎಂಜಿನ್ ಓಡಬಹುದು, ಆದರೆ ತಯಾರಕರು ಹೇಳಿದಷ್ಟು ಶಕ್ತಿ ಸಿಗದಿರಬಹುದು.

ಎರಡು, ಆ ಅಂಕಿ ಯಾವ ಅಳತೆಯದು ಎಂಬುದು. ಹಲವರು ಎಡವುವುದು ಇಲ್ಲಿಯೇ. ಆಕ್ಟೇನ್ ಅಳೆಯುವ ಪರೀಕ್ಷೆಗಳು ಎರಡಿವೆ. ಆರ್‌ಒಎನ್ ಪರೀಕ್ಷೆಯಲ್ಲಿ ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುತ್ತದೆ. ಎಂಒಎನ್ ಪರೀಕ್ಷೆಯಲ್ಲಿ 900 ಸುತ್ತು ತಿರುಗುತ್ತದೆ, ಒಳಹೋಗುವ ಮಿಶ್ರಣವನ್ನೂ ಮೊದಲೇ ಬಿಸಿ ಮಾಡಿರುತ್ತಾರೆ. ಎರಡನೆಯದು ಕಠಿಣವಾದ್ದರಿಂದ ಅದರ ಅಂಕಿ ಸಾಮಾನ್ಯವಾಗಿ 8ರಿಂದ 10ರಷ್ಟು ಕಡಿಮೆ ಬರುತ್ತದೆ. ಯುರೋಪ್ ಮತ್ತು ಏಷ್ಯಾದ ಬಹುಪಾಲು ದೇಶಗಳ ಪಂಪುಗಳಲ್ಲಿ ಕಾಣುವುದು ಆರ್‌ಒಎನ್. ಅಮೆರಿಕ ಮತ್ತು ಕೆನಡಾದಲ್ಲಿ ಎರಡರ ಸರಾಸರಿಯಾದ ಎಕೆಐ ಬರೆಯುತ್ತಾರೆ. ಅದೇ ಪೆಟ್ರೋಲಿನ ಎಕೆಐ ಅಂಕಿ ಆರ್‌ಒಎನ್‌ಗಿಂತ 4ರಿಂದ 5ರಷ್ಟು ಕೆಳಗಿರುತ್ತದೆ. ಅಮೆರಿಕದ 87 ಹೆಚ್ಚುಕಡಿಮೆ ಬೇರೆಡೆಯ 91ಕ್ಕೆ ಸಮ.

ಹೀಗಾಗಿ ಕೈಪಿಡಿಯ 91, ಆರ್‌ಒಎನ್ ಆಗಿದ್ದರೆ ಸಾಮಾನ್ಯ ಪೆಟ್ರೋಲ್ ಸಾಕು. ಎಕೆಐ ಆಗಿದ್ದರೆ ಆರ್‌ಒಎನ್ ಲೆಕ್ಕದಲ್ಲಿ 95ರ ಆಸುಪಾಸಿನದು ಬೇಕು. ಬೇರೆ ದೇಶದಿಂದ ತರಿಸಿದ ಬೈಕು, ಅಂತರ್ಜಾಲದಿಂದ ಇಳಿಸಿಕೊಂಡ ಬೇರೆ ದೇಶದ ಕೈಪಿಡಿ, ಇವೆರಡರಲ್ಲಿ ಈ ಗೊಂದಲ ಆಗಿಯೇ ಆಗುತ್ತದೆ. ಅಂಕಿಯ ಪಕ್ಕದ ಅಕ್ಷರಗಳನ್ನು ಓದದೆ ಪುಟ ಮುಚ್ಚಬೇಡಿ.

ಕೈಪಿಡಿ ಸಿಗದಿದ್ದರೆ ಕಂಪ್ರೆಷನ್ ರೇಶಿಯೊ, ಅಂದರೆ ಎಂಜಿನ್ ಮಿಶ್ರಣವನ್ನು ಎಷ್ಟು ಪಟ್ಟು ಅದುಮುತ್ತದೆ ಎಂಬ ಅಂಕಿ, ನೋಡಿ ಅಂದಾಜು ಮಾಡಬಹುದು. ಗಾಳಿಯಿಂದ ತಣಿಯುವ ಸಣ್ಣ ಎಂಜಿನ್‌ಗಳಲ್ಲಿ ಅದು ಹೆಚ್ಚಾಗಿ 9 ಅಥವಾ 10ರ ಆಸುಪಾಸು ಇರುತ್ತದೆ. ಅಂಥವಕ್ಕೆ ಸಾಮಾನ್ಯವಾಗಿ 91 ಆರ್‌ಒಎನ್ ಸಾಕಾಗುತ್ತದೆ. 12, 13 ದಾಟಿದ ಸ್ಪೋರ್ಟ್ಸ್ ಬೈಕುಗಳು ಬಹುತೇಕ ಪ್ರೀಮಿಯಂ ಕೇಳುತ್ತವೆ. ನಡುವಿನವುಗಳ ಬಗ್ಗೆ ಮಾತ್ರ ಈ ಅಂಕಿಯೊಂದನ್ನೇ ನಂಬಬಾರದು. ದಹನ ಕೊಠಡಿಯ ಆಕಾರ, ತಣಿಸುವ ವ್ಯವಸ್ಥೆ, ಕಿಡಿ ಹಾರುವ ಸಮಯ ಎಲ್ಲವೂ ಸೇರಿ ಬೇಡಿಕೆಯನ್ನು ನಿರ್ಧರಿಸುತ್ತವೆ. 11 ದಾಟಿಯೂ 91ರಲ್ಲಿ ನೆಮ್ಮದಿಯಾಗಿ ಓಡುವ ಎಂಜಿನ್‌ಗಳಿವೆ.

ಹೆಜ್ಜೆ 2: ಪಂಪಿನ ಬರಹ ಓದಿ

ದುಬಾರಿ ಪೆಟ್ರೋಲ್ ಎರಡು ಬಗೆಯದಿರುತ್ತದೆ: ಆಕ್ಟೇನ್ ಏರಿಸಿದ್ದು ಮತ್ತು ಮಸಿ ತೊಳೆಯುವ ರಾಸಾಯನಿಕ ಸೇರಿಸಿದ್ದು. ಎರಡೂ ಒಟ್ಟಿಗೆ ಇರಬಹುದು, ಒಂದೇ ಇರಬಹುದು. ಆಕರ್ಷಕ ಹೆಸರು ಬರೆದು ಆಕ್ಟೇನ್ ಅಂಕಿ ಹಾಕಿರದಿದ್ದರೆ ಸಿಬ್ಬಂದಿಯನ್ನು ಕೇಳಿ. ಕೈಪಿಡಿ 95 ಬೇಕೆಂದಾಗ, ಆಕ್ಟೇನ್ ಏರಿಸದೆ ಶುಚಿಕಾರಕ ಮಾತ್ರ ಬೆರೆಸಿದ ಪೆಟ್ರೋಲ್ ಆ ಬೇಡಿಕೆಯನ್ನು ತುಂಬುವುದಿಲ್ಲ.

ಶುಚಿಕಾರಕದ ಉಪಯೋಗ ನಿಜವೇ. ಇಂಜೆಕ್ಟರಿನ ತುದಿಯಲ್ಲಿ, ಒಳಹರಿವಿನ ವಾಲ್ವಿನ ಬೆನ್ನಮೇಲೆ ಕಟ್ಟುವ ಜಿಡ್ಡನ್ನು ಅದು ನಿಧಾನವಾಗಿ ಕರಗಿಸುತ್ತದೆ. ಆದರೆ ಅದು ಪ್ರೀಮಿಯಂ ಪೆಟ್ರೋಲಿನ ಸ್ವತ್ತೇನಲ್ಲ. ಬಿಎಂಡಬ್ಲ್ಯು, ಜನರಲ್ ಮೋಟಾರ್ಸ್, ಹೋಂಡಾ ಮತ್ತು ಟೊಯೋಟಾ 2004ರಲ್ಲಿ ಆರಂಭಿಸಿದ ‘ಟಾಪ್ ಟಿಯರ್’ ಮಾನದಂಡದ ಪ್ರಕಾರ, ಅದನ್ನು ಒಪ್ಪಿದ ಕಂಪನಿ ತನ್ನ ಎಲ್ಲ ದರ್ಜೆಯ ಪೆಟ್ರೋಲಿನಲ್ಲೂ ನಿಗದಿತ ಮಟ್ಟದ ಶುಚಿಕಾರಕ ಹಾಕಬೇಕು.

ಎಥನಾಲ್ ಪ್ರಮಾಣವನ್ನೂ ಗಮನಿಸಿ. ಯುರೋಪಿನ ಪಂಪುಗಳಲ್ಲಿ ವೃತ್ತದೊಳಗೆ ಕಾಣುವ ಇ5, ಇ10 ಎಂಬ ಗುರುತುಗಳು ಎಥನಾಲಿನ ಗರಿಷ್ಠ ಶೇಕಡಾವಾರು ಪ್ರಮಾಣವನ್ನು ಸೂಚಿಸುತ್ತವೆ. ಅವು ಆಕ್ಟೇನ್ ಅಂಕಿಗಳಲ್ಲ. ಎಥನಾಲ್ ಆಕ್ಟೇನ್ ಏರಿಸುತ್ತದೆ, ಆದರೆ ಲೀಟರಿನ ಲೆಕ್ಕದಲ್ಲಿ ಅದರ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಶೇ 10 ಬೆರೆಸಿದರೆ ಮೈಲೇಜ್ ಸುಮಾರು ಶೇ 3ರಷ್ಟು ಇಳಿಯುವುದು ಸಹಜ. ನಿಮ್ಮ ಬೈಕ್ ಎಷ್ಟು ಎಥನಾಲ್ ತಾಳುತ್ತದೆ ಎಂಬುದೂ ಕೈಪಿಡಿಯಲ್ಲೇ ಇರುತ್ತದೆ. ಹಳೆಯ ಬೈಕುಗಳ ರಬ್ಬರ್ ಕೊಳವೆ, ಸೀಲುಗಳು ಅದರಿಂದ ಉಬ್ಬಿ ಬಿರಿಯಬಹುದು.

ಹೆಜ್ಜೆ 3: ಎಂಜಿನ್‌ಗೆ ಕಿವಿಗೊಡಿ

ಕೈಪಿಡಿ ಹೇಳಿದ ಪೆಟ್ರೋಲನ್ನೇ ಹಾಕುತ್ತಿದ್ದೀರಿ, ಬೈಕೂ ಸುಮ್ಮನೆ ಓಡುತ್ತಿದೆ ಎಂದಾದರೆ ಈ ಹೆಜ್ಜೆ ಬಿಟ್ಟು ಮುಂದೆ ಹೋಗಿ. ಶಬ್ದದ ಬಗ್ಗೆ ಅನುಮಾನವಿದ್ದರೆ ಮಾತ್ರ ಹೀಗೆ ಪರೀಕ್ಷಿಸಿ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ವಾಹನ ಸಂಚಾರವಿಲ್ಲದ ಸಣ್ಣ ಏರಿನಲ್ಲಿ, ಸಾಮಾನ್ಯವಾಗಿ ಹಾಕುವುದಕ್ಕಿಂತ ಒಂದು ಗೇರ್ ಮೇಲಿಟ್ಟು ಕ್ಷಣಕಾಲ ಥ್ರಾಟಲ್ ತಿರುವಿ. ಆಗ ಸಿಲಿಂಡರಿನ ಕಡೆಯಿಂದ ತಗಡಿನ ಡಬ್ಬಿಯಲ್ಲಿ ಒಣ ಬೀಜ ಅಲುಗಿಸಿದಂತೆ ಕಿಟಿಕಿಟಿ ಸದ್ದು ಬಂದು, ಥ್ರಾಟಲ್ ಬಿಟ್ಟ ಕೂಡಲೇ ನಿಂತರೆ ಅದು ನಾಕಿಂಗ್. ವಾಲ್ವ್ ತೆರೆಯುವ ಭಾಗವಾದ ಟ್ಯಾಪೆಟ್‌ನ ಸದ್ದು ಹೀಗಿರುವುದಿಲ್ಲ. ಅದು ಬೈಕ್ ನಿಂತು ಐಡಲ್‌ನಲ್ಲಿದ್ದಾಗಲೂ ಒಂದೇ ತಾಳದಲ್ಲಿ ಕೇಳುತ್ತದೆ, ವೇಗಕ್ಕೆ ತಕ್ಕಂತೆ ಚುರುಕಾಗುತ್ತದೆ, ಭಾರ ಬಿದ್ದಾಗಷ್ಟೇ ಹುಟ್ಟುವ ಸದ್ದಲ್ಲ ಅದು. ಸರಪಣಿ ಸಡಿಲವಾಗಿದ್ದರೂ ಬೇರೆಯದೇ ಸದ್ದು ಬರುತ್ತದೆ. ಹೆಲ್ಮೆಟ್ ಒಳಗಿಂದ ಇವನ್ನು ಬೇರ್ಪಡಿಸಿ ಕೇಳಲು ತಾಳ್ಮೆ ಬೇಕು. ಎಂಜಿನ್ ತಣಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ಇನ್ನೊಂದು ಸಾಕ್ಷಿ ಸಿಗಬಹುದು: ಬಿಳಿಯ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿದ ಹಾಗೆ ಕಪ್ಪು ಚುಕ್ಕೆಗಳು, ಅಥವಾ ಮಿನುಗುವ ಸಣ್ಣ ಕಣಗಳು. ಮಿನುಗುವುದು ಪಿಸ್ಟನ್ನಿನಿಂದ ಎದ್ದುಬಂದ ಅಲ್ಯೂಮಿನಿಯಂ. ಅದು ಕಂಡರೆ ಬೈಕ್ ಓಡಿಸುವುದನ್ನು ನಿಲ್ಲಿಸಿ ಮೆಕ್ಯಾನಿಕ್ ಬಳಿಗೆ ಸಾಗಿಸಿ.

ನಾಕಿಂಗ್ ಇದೆ ಎಂದಾಕ್ಷಣ ಪ್ರೀಮಿಯಂ ಕಡೆಗೆ ಓಡಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಸರಿಯಾದ ಪೆಟ್ರೋಲ್ ಹಾಕಿದರೂ ಸದ್ದು ಬರುತ್ತಿದ್ದರೆ ಎಂಜಿನ್ ಏನನ್ನೋ ದೂರುತ್ತಿದೆ. ಆಕ್ಟೇನ್ ಏರಿಸಿದರೆ ಆ ದೂರು ಕೇಳಿಸದಂತಾಗುತ್ತದೆ, ಕಾರಣ ಹಾಗೆಯೇ ಉಳಿಯುತ್ತದೆ. ಮೊದಲು ನಿಮ್ಮ ಓಡಿಸುವ ರೀತಿ ನೋಡಿ: ಮೇಲಿನ ಗೇರಿನಲ್ಲಿ ಎಂಜಿನ್ ತಿಣುಕುತ್ತಿದ್ದರೂ ಗೇರ್ ಇಳಿಸದೆ ಥ್ರಾಟಲ್ ತಿರುವುವ ಅಭ್ಯಾಸ ಬಹಳ ಮಂದಿಗಿದೆ. ಆಮೇಲೆ ದಹನ ಕೊಠಡಿಯಲ್ಲಿ ಕಟ್ಟಿದ ಕಾರ್ಬನ್, ತಪ್ಪು ಶಾಖಮಟ್ಟದ ಸ್ಪಾರ್ಕ್ ಪ್ಲಗ್, ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾದ ಮಿಶ್ರಣ, ಸರಿಯಾದ ಸಮಯಕ್ಕಿಂತ ಮೊದಲೇ ಹಾರುವ ಕಿಡಿ, ಕಡಿಮೆಯಾದ ಎಂಜಿನ್ ಆಯಿಲ್ ಅಥವಾ ಕೂಲೆಂಟ್, ಕೆಸರು ತುಂಬಿದ ತಣಿಸುವ ರೆಕ್ಕೆಗಳು. ಇವೆಲ್ಲ ಸರಿಯಿದ್ದೂ ಸದ್ದು ನಿಲ್ಲದಿದ್ದರೆ ಆಗ ಒಂದು ದರ್ಜೆ ಮೇಲಿನ ಪೆಟ್ರೋಲ್ ಹಾಕಿ ನೋಡಿ. ಕಾರ್ಬನ್ ಕಟ್ಟಿದ ಹಳೆಯ ಎಂಜಿನ್‌ಗಳಿಗೆ ಕೆಲವೊಮ್ಮೆ ಹೊಸದಾಗಿದ್ದಾಗ ಬೇಕಿದ್ದುದಕ್ಕಿಂತ ಹೆಚ್ಚಿನ ಆಕ್ಟೇನ್ ನಿಜವಾಗಿಯೂ ಬೇಕಾಗುತ್ತದೆ.

ನಾಕ್ ಸೆನ್ಸರ್ ಇರುವ ಬೈಕುಗಳಲ್ಲಿ ಸದ್ದು ಕೇಳಿಸದೆಯೂ ಇರಬಹುದು. ಸೆನ್ಸರ್ ಕಂಪನವನ್ನು ಗುರುತಿಸಿದೊಡನೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕಿಡಿಯನ್ನು ತಡಮಾಡಿ ಎಂಜಿನ್ ಕಾಪಾಡುತ್ತದೆ. ಬದಲಿಗೆ ಸ್ವಲ್ಪ ಶಕ್ತಿ ಹೋಗುತ್ತದೆ. ಇಂಥ ಬೈಕಿನಲ್ಲಿ ಪ್ರೀಮಿಯಂ ಹಾಕಿದರೆ ವ್ಯತ್ಯಾಸ ಅನುಭವಕ್ಕೆ ಬರಬಹುದು. ಆದರೆ ದಿನನಿತ್ಯದ ಸಣ್ಣ ಬೈಕುಗಳಲ್ಲಿ ಬಹುಪಾಲಿಗೆ ಈ ಸೆನ್ಸರ್ ಇರುವುದಿಲ್ಲ. ಹೆಚ್ಚಿನ ಆಕ್ಟೇನ್ ಬಂದಿದೆ ಎಂದು ತಿಳಿಯುವ ದಾರಿಯೇ ಇಲ್ಲದ ಎಂಜಿನ್ ಅದರ ಲಾಭ ಪಡೆಯುವುದಾದರೂ ಹೇಗೆ?

ಹೆಜ್ಜೆ 4: ಲೆಕ್ಕ ಹಾಕಿ

‘ಪ್ರೀಮಿಯಂ ಹಾಕಿದರೆ ಮೈಲೇಜ್ ಜಾಸ್ತಿ’ ಎಂಬ ಮಾತನ್ನು ನಂಬುವುದೂ ಬೇಡ, ತಳ್ಳಿಹಾಕುವುದೂ ಬೇಡ. ಟ್ಯಾಂಕ್ ತುಂಬಿಸಿ ಮೀಟರ್ ಬರೆದಿಟ್ಟುಕೊಳ್ಳಿ. ಮುಂದಿನ ಬಾರಿ ಅದೇ ಮಟ್ಟಕ್ಕೆ ತುಂಬಿಸಿದಾಗ ಎಷ್ಟು ಲೀಟರ್ ಹಿಡಿಯಿತು ಎಂಬುದರಿಂದ ಓಡಿದ ದೂರವನ್ನು ಭಾಗಿಸಿ. ಒಂದೇ ಟ್ಯಾಂಕಿನ ಫಲಿತಾಂಶಕ್ಕೆ ಬೆಲೆಯಿಲ್ಲ. ಗಾಳಿ, ಹೊರೆ, ಟೈರಿನ ಒತ್ತಡ ಇಷ್ಟರಿಂದಲೇ ಅಂಕಿ ಏರಿಳಿಯುತ್ತದೆ. ಎರಡೂ ಪೆಟ್ರೋಲಿನಲ್ಲಿ ಮೂರು ನಾಲ್ಕು ಟ್ಯಾಂಕ್, ಅದೇ ದಾರಿಯಲ್ಲಿ ಓಡಿಸಿ ಸರಾಸರಿ ತೆಗೆಯಿರಿ.

ಪ್ರೀಮಿಯಂ ಶೇ 10ರಷ್ಟು ದುಬಾರಿ ಎಂದುಕೊಳ್ಳೋಣ. ಲೀಟರಿಗೆ 45 ಕಿ.ಮೀ. ಓಡುತ್ತಿದ್ದ ಬೈಕ್ 49.5 ಕಿ.ಮೀ. ಓಡಿದರಷ್ಟೇ ಖರ್ಚು ಸಮನಾಗುತ್ತದೆ. ಸಾಮಾನ್ಯ ಪೆಟ್ರೋಲಿಗೆಂದೇ ರೂಪಿಸಿದ ಎಂಜಿನ್ ಬರಿಯ ಆಕ್ಟೇನ್‌ನಿಂದ ಅಷ್ಟು ಜಿಗಿಯುವುದಿಲ್ಲ. ಉಳಿದ ಹಣದಲ್ಲಿ ಏರ್ ಫಿಲ್ಟರ್ ಬದಲಿಸಿ, ಸರಪಣಿಗೆ ಎಣ್ಣೆ ಹಾಕಿಸಿ, ಟೈರಿನ ಗಾಳಿ ಸರಿಯಾಗಿಟ್ಟುಕೊಳ್ಳಿ; ಬೈಕಿಗೆ ನಿಜವಾದ ಉಪಕಾರ ಅಲ್ಲಿದೆ.

ಅನಿವಾರ್ಯವಾದಾಗ

95 ಬೇಡುವ ಬೈಕಿನಲ್ಲಿ ದೂರ ಹೋಗಿದ್ದೀರಿ, ಸಿಕ್ಕ ಬಂಕಿನಲ್ಲಿ 91 ಮಾತ್ರ ಇದೆ ಎಂದಿಟ್ಟುಕೊಳ್ಳಿ. ಟ್ಯಾಂಕ್ ತುಂಬಿಸಬೇಡಿ, ಮುಂದಿನ ಬಂಕ್ ತಲುಪುವಷ್ಟು ಹಾಕಿಸಿ. ಎರಡು ದರ್ಜೆಯ ಪೆಟ್ರೋಲ್ ಬೆರೆತರೆ ಅಪಾಯವಿಲ್ಲ, ಆಕ್ಟೇನ್ ಎರಡರ ನಡುವೆ ಪ್ರಮಾಣಕ್ಕೆ ತಕ್ಕಂತೆ ನಿಲ್ಲುತ್ತದೆ: 91 ಮತ್ತು 97 ಸಮಪಾಲಾದರೆ ಸುಮಾರು 94. ಅಲ್ಲಿಯವರೆಗೆ ಥ್ರಾಟಲನ್ನು ಪೂರ್ತಿ ತಿರುವದೆ ಓಡಿಸಿ. ಏರು ಬಂದರೆ ಎಂಜಿನ್ ತಿಣುಕುವ ಮೊದಲೇ ಗೇರ್ ಇಳಿಸಿ. ಹಿಂದೆ ಕುಳಿತವರು, ಸಾಮಾನು, ಸುಡುಬಿಸಿಲು ಎಲ್ಲ ಸೇರಿದಾಗ ನಾಕಿಂಗ್ ಸಾಧ್ಯತೆ ಹೆಚ್ಚು. ಕಿಟಿಕಿಟಿ ಕೇಳಿಸಿದರೆ ಥ್ರಾಟಲ್ ಸಡಿಲಿಸಿ. ಮುಂದಿನ ಬಂಕಿನಲ್ಲಿ ಸಿಗುವ ಅತಿ ಹೆಚ್ಚಿನ ಆಕ್ಟೇನ್ ತುಂಬಿಸಿಕೊಂಡು, ಬೆರೆತ ಪೆಟ್ರೋಲ್ ಕಾರ್ಬ್ಯುರೇಟರ್ ಅಥವಾ ಇಂಜೆಕ್ಟರ್ ತಲುಪಲು ಕೆಲವು ಕಿಲೋಮೀಟರ್ ನಿಧಾನವಾಗಿಯೇ ಸಾಗಿ.