ಉದ್ಯಮಶೀಲತೆ ಕಲಿಸುವವರಿಗೆ ಪ್ರಶಸ್ತಿ: ನಾವು ಆಯ್ಕೆ ನಡೆಸುವ ಕ್ರಮ

ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಉದ್ಯಮಶೀಲತೆಯನ್ನು ಚೆನ್ನಾಗಿ ಕಲಿಸುವವರಿಗೆ ಪ್ರಶಸ್ತಿ ಕೊಡುತ್ತೇವೆ ಎಂದು ಪ್ರಕಟಿಸಿದರೆ ಸಾಕು, ಬರುವ ಅರ್ಜಿಗಳಲ್ಲಿ ಹೆಚ್ಚಿನವು ಒಂದೇ ಸಾಲಿನಿಂದ ಶುರುವಾಗುತ್ತವೆ: ನಮ್ಮಲ್ಲಿ ಇಷ್ಟು ಸ್ಟಾರ್ಟಪ್‌ಗಳು ಹುಟ್ಟಿವೆ. ಆಯ್ಕೆಯ ಕ್ರಮ ರೂಪಿಸುವಾಗ ನಾವು ತೆಗೆದುಕೊಂಡ ಮೊದಲ ತೀರ್ಮಾನವೇ ಈ ಸಂಖ್ಯೆಗೆ ಅಂಕ ಇಲ್ಲ ಎಂಬುದು. ಅರ್ಜಿಯಲ್ಲಿ ಅದನ್ನು ಬರೆಯಬಹುದು, ಓದುತ್ತೇವೆ, ಆದರೆ ಅಂಕಪಟ್ಟಿಯಲ್ಲಿ ಅದಕ್ಕೆ ಮನೆ ಇಲ್ಲ.

ಕಾರಣ ಸರಳ. ಐಚ್ಛಿಕ ಕೋರ್ಸಿಗೆ ಬರುವವರಲ್ಲಿ ಅನೇಕರು ಉದ್ಯಮ ಮಾಡಬೇಕೆಂದು ಮೊದಲೇ ನಿರ್ಧರಿಸಿದವರು. ಅವರು ಕಂಪನಿ ಕಟ್ಟಿದರೆ ಅದರಲ್ಲಿ ಮೇಷ್ಟರ ಪಾಲೆಷ್ಟು, ಮನೆಯ ಬಂಡವಾಳದ ಪಾಲೆಷ್ಟು ಎಂದು ಬೇರ್ಪಡಿಸಲಾಗದು. ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿ ಒಂದು ಲ್ಯಾಪ್‌ಟಾಪಿನಲ್ಲಿ ಉದ್ಯಮ ಆರಂಭಿಸಬಲ್ಲ. ಶುಶ್ರೂಷೆ ಕಲಿಯುವವಳು ತಾನು ಕೆಲಸಕ್ಕೆ ಸೇರಿದ ವಾರ್ಡಿನ ವ್ಯವಸ್ಥೆಯನ್ನೇ ಬದಲಿಸಬಹುದು, ಅದು ಯಾವ ನೋಂದಣಿ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಇನ್ನು ಕಾಲದ ಪ್ರಶ್ನೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಂದ ವರ್ಷವರ್ಷ ಮಾಹಿತಿ ಸಂಗ್ರಹಿಸುವ ಎಚ್‌ಇ-ಬಿಸಿಐ ಸಮೀಕ್ಷೆ ಪದವೀಧರರ ಹೊಸ ಕಂಪನಿಗಳ ಜೊತೆಗೆ ಕನಿಷ್ಠ 3 ವರ್ಷ ಉಳಿದ ಕಂಪನಿಗಳೆಷ್ಟು ಎಂದೂ ಕೇಳುತ್ತದೆ. ಸಂಸ್ಥೆಯ ಚಿತ್ರ ತಿಳಿಯಲು ಅದು ಒಳ್ಳೆಯ ಪ್ರಶ್ನೆ. ಕಳೆದ ಸೆಮಿಸ್ಟರಿನಲ್ಲಿ ಒಬ್ಬ ಅಧ್ಯಾಪಕಿ ತರಗತಿಯಲ್ಲಿ ಏನು ಸಾಧಿಸಿದರು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

‘ಕೋರ್ಸಿನ ನಂತರ ಉದ್ಯಮ ಮಾಡುವ ಆಸೆ ಹೆಚ್ಚಾಯಿತು’ ಎಂಬ ಸಮೀಕ್ಷೆಯೂ ಇಷ್ಟೇ ಜಾರು ನೆಲ. 2010ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳನ್ನು ನಮ್ಮ ತೀರ್ಪುಗಾರರಿಗೆ ಮೊದಲೇ ವಿವರಿಸುತ್ತೇವೆ. ನೆದರ್ಲೆಂಡ್ಸ್‌ನಲ್ಲಿ ವಿದ್ಯಾರ್ಥಿಗಳೇ ಕಿರು ಕಂಪನಿ ನಡೆಸುವ ಕಾರ್ಯಕ್ರಮವನ್ನು ಊಸ್ಟರ್‌ಬೇಕ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ, ವಿದ್ಯಾರ್ಥಿಗಳು ತಮ್ಮ ಕೌಶಲಕ್ಕೆ ತಾವೇ ಕೊಟ್ಟುಕೊಂಡ ಅಂಕದಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ, ಉದ್ಯಮ ಆರಂಭಿಸುವ ಇರಾದೆ ಕುಗ್ಗಿತ್ತು. ಜರ್ಮನಿಯಲ್ಲಿ ಕಡ್ಡಾಯ ಕೋರ್ಸೊಂದನ್ನು ಗಮನಿಸಿದ ಫಾನ್ ಗ್ರೇವೆನಿಟ್ಸ್ ತಂಡಕ್ಕೂ ಇರಾದೆ ಸ್ವಲ್ಪ ಇಳಿದದ್ದು ಕಂಡಿತು. ಜೊತೆಗೆ, ಈ ದಾರಿ ತಮಗೆ ಹೊಂದುತ್ತದೆಯೇ ಎಂಬ ಅರಿವು ವಿದ್ಯಾರ್ಥಿಗಳಲ್ಲಿ ಸ್ಪಷ್ಟವಾಗುತ್ತದೆ ಎಂಬ ವಿವರಣೆಯನ್ನು ಅವರು ಕೊಟ್ಟರು. ಇಪ್ಪತ್ತನೇ ವಯಸ್ಸಿನಲ್ಲಿ ‘ಇದು ನನಗಲ್ಲ’ ಎಂದು ಕಂಡುಕೊಳ್ಳುವುದು ದೊಡ್ಡ ಕಲಿಕೆ. ಆಸೆ ಹೆಚ್ಚಿಸಿದವರಿಗೆ ಮಾತ್ರ ಅಂಕ ಕೊಟ್ಟರೆ, ಕಷ್ಟನಷ್ಟಗಳನ್ನು ಮುಚ್ಚಿಡದೆ ಕಲಿಸಿದವರಿಗೆ ಅನ್ಯಾಯವಾಗುತ್ತದೆ.

ಹಾಗಾದರೆ ಅಂಕ ಯಾವುದಕ್ಕೆ? ಬ್ರಿಟನ್ನಿನಲ್ಲಿ ಉನ್ನತ ಶಿಕ್ಷಣದ ಗುಣಮಟ್ಟ ನೋಡುವ ಕ್ವಾಲಿಟಿ ಅಶ್ಯೂರೆನ್ಸ್ ಏಜೆನ್ಸಿ 2012ರಲ್ಲಿ ಹೊರತಂದು 2018ರಲ್ಲಿ ಪರಿಷ್ಕರಿಸಿದ ಉದ್ಯಮಶೀಲತಾ ಶಿಕ್ಷಣದ ಮಾರ್ಗದರ್ಶಿ ನಮಗೆ ಮೊದಲ ಆಧಾರ. ಹೊಸ ವಿಚಾರ ಹುಟ್ಟಿಸುವ ಶಕ್ತಿ, ಅದನ್ನು ಕಾರ್ಯರೂಪಕ್ಕೆ ತರುವ ನಡವಳಿಕೆ, ಸಾಮರ್ಥ್ಯ, ಇವುಗಳನ್ನು ಬೆಳೆಸುವುದೇ ಈ ಶಿಕ್ಷಣ ಎಂದು ಅದು ಹೇಳುತ್ತದೆ. ಕಂಪನಿ ಸ್ಥಾಪನೆ ಅದರೊಳಗಿನ ಒಂದು ಅನ್ವಯ ಮಾತ್ರ. ಎರಡನೆಯದು ಯುರೋಪಿಯನ್ ಕಮಿಷನ್ 2016ರಲ್ಲಿ ಪ್ರಕಟಿಸಿದ ‘ಎಂಟ್ರಿಕಾಂಪ್’ ಚೌಕಟ್ಟು. ಅದರಲ್ಲಿ 3 ವಲಯಗಳು, ಒಂದೊಂದರಲ್ಲಿ 5ರಂತೆ 15 ಸಾಮರ್ಥ್ಯಗಳು, ಅವುಗಳ ಬೆಳವಣಿಗೆಗೆ 8 ಮೆಟ್ಟಿಲುಗಳು. ಅವಕಾಶ ಗುರುತಿಸುವುದು, ಸಂಪನ್ಮೂಲ ಕೂಡಿಸುವುದು, ಹಣಕಾಸಿನ ತಿಳಿವಳಿಕೆ, ಅನಿಶ್ಚಿತತೆಯಲ್ಲಿ ನಿಭಾಯಿಸುವುದು, ನೈತಿಕ ಹಾಗೂ ಸುಸ್ಥಿರ ಚಿಂತನೆ ಮುಂತಾದವು ಆ ಹದಿನೈದರಲ್ಲಿ ಸೇರಿವೆ. ನಮ್ಮ ನಿಯಮ: ಅರ್ಜಿದಾರರು ಹೆಚ್ಚೆಂದರೆ 4 ಸಾಮರ್ಥ್ಯಗಳನ್ನು ಆರಿಸಿಕೊಳ್ಳಬೇಕು, ವಿದ್ಯಾರ್ಥಿಗಳು ಯಾವ ಮೆಟ್ಟಿಲಿನಿಂದ ಯಾವ ಮೆಟ್ಟಿಲಿಗೆ ಬಂದರು ಎಂದು ಹೇಳಬೇಕು. ಹದಿನೈದಕ್ಕೂ ಟಿಕ್ ಹಾಕಿದ ಅರ್ಜಿ ಒಂದನ್ನೂ ತೋರಿಸಲಾರದು.

ವಿಭಾಗಗಳು ನಾಲ್ಕು: ಒಬ್ಬ ಅಧ್ಯಾಪಕ ಅಥವಾ ಅಧ್ಯಾಪಕಿ, ಕೋರ್ಸ್ ತಂಡ, ಬೋಧಕೇತರ ನೆರವು, ಸಂಸ್ಥೆ. ಮೂರನೆಯದನ್ನು ಬಿಡಬೇಡಿ. ವರ್ಕ್‌ಶಾಪ್ ತಂತ್ರಜ್ಞರು, ಹೊಸ ಉದ್ಯಮಗಳಿಗೆ ಆರಂಭದಲ್ಲಿ ನೆರವಾಗುವ ಇನ್ಕ್ಯುಬೇಷನ್ ಸೆಂಟರಿನ ಸಿಬ್ಬಂದಿ, ಗ್ರಂಥಪಾಲಕರು ಮಾಡುವ ಕೆಲಸ ಬೇರೆ ಯಾವ ಪ್ರಶಸ್ತಿಯ ಕಣ್ಣಿಗೂ ಬೀಳುವುದಿಲ್ಲ. ಅತಿಥಿ ಉಪನ್ಯಾಸಕರು, ಅರೆಕಾಲಿಕರು ಅರ್ಹರು ಎಂದು ಪ್ರಕಟಣೆಯಲ್ಲೇ ಬರೆಯಬೇಕು. ಬರೆಯದಿದ್ದರೆ ಅವರು ತಮಗಲ್ಲವೆಂದೇ ಭಾವಿಸುತ್ತಾರೆ. ಸಂಸ್ಥೆಯ ವಿಭಾಗಕ್ಕೆ ಯುರೋಪಿಯನ್ ಕಮಿಷನ್ ಮತ್ತು ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ) ಸೇರಿ ರೂಪಿಸಿದ ‘ಎಚ್‌ಇಇನ್ನೋವೇಟ್’ ಎಂಬ ಸ್ವಯಂ ಮೌಲ್ಯಮಾಪನ ಸಾಧನ ಚರ್ಚೆ ಆರಂಭಿಸಲು ಚೆನ್ನಾಗಿದೆ. ಅದು ಸಂಸ್ಥೆ ತನ್ನನ್ನು ತಾನು ನೋಡಿಕೊಳ್ಳಲು ಮಾಡಿದ್ದು. ಆ ಅಂಕಗಳನ್ನೇ ಸ್ಪರ್ಧೆಗೆ ಎಳೆದು ತಂದರೆ ಎಲ್ಲರೂ ತಮಗೆ ತಾವೇ ಪೂರ್ಣಾಂಕ ಕೊಟ್ಟುಕೊಳ್ಳುತ್ತಾರೆ.

ನೂರು ಅಂಕಗಳ ಹಂಚಿಕೆ ಹೀಗಿದೆ. ಕಲಿಕೆಯ ಪುರಾವೆಗೆ 35, ಕೋರ್ಸಿನ ವಿನ್ಯಾಸಕ್ಕೆ 25, ಎಂಥ ವಿದ್ಯಾರ್ಥಿಗಳನ್ನು ತಲುಪಿತು ಎಂಬುದಕ್ಕೆ 15, ಬೇರೆಯವರು ಇದನ್ನು ಬಳಸಬಹುದೇ ಎಂಬುದಕ್ಕೆ 15, ಈ ವ್ಯಕ್ತಿ ಹೋದ ಮೇಲೂ ನಡೆಯುತ್ತದೆಯೇ ಎಂಬುದಕ್ಕೆ 10. ‘ನಾವೀನ್ಯ’ಕ್ಕೆ ಪ್ರತ್ಯೇಕ ಅಂಕ ಇಟ್ಟಿಲ್ಲ. ಇಟ್ಟರೆ ಹೊಸ ಹೆಸರಿನ ಹಳೆಯ ಹ್ಯಾಕಥಾನ್‌ಗಳು (ಒಂದೆರಡು ದಿನ ಕೂತು ಪರಿಹಾರ ಕಟ್ಟುವ ಸ್ಪರ್ಧೆಗಳು) ಸಾಲುಗಟ್ಟುತ್ತವೆ, ಹಲವು ವರ್ಷ ಒಂದೇ ಕೋರ್ಸನ್ನು ತಿದ್ದಿ ತೀಡಿ ಪಕ್ವಗೊಳಿಸಿದವರು ಹಿಂದೆ ಬೀಳುತ್ತಾರೆ.

ಅರ್ಜಿ ನಮೂನೆಯ ಮಿತಿ 1200 ಪದ. ಸಂದರ್ಭಕ್ಕೆ 150, ಮಾಡಿದ್ದೇನು ಎಂಬುದಕ್ಕೆ 350, ಪುರಾವೆಗೆ 450, ಫಲಿಸದೆ ಹೋದದ್ದೇನು ಮತ್ತು ಅದನ್ನು ಹೇಗೆ ತಿದ್ದಿದಿರಿ ಎಂಬುದಕ್ಕೆ 250. ನಾಲ್ಕನೆಯ ಭಾಗ ಕಡ್ಡಾಯ. ತೀರ್ಪುಗಾರರಿಗೆ ಅತಿ ಹೆಚ್ಚು ತಿಳಿಯುವುದು ಅಲ್ಲೇ: ನಿಜವಾಗಿ ಕಲಿಸಿದವರು ಅಲ್ಲಿ ನಿಖರವಾಗಿ ಬರೆಯುತ್ತಾರೆ, ಗುಂಪಿನಲ್ಲಿ ಐವರಿದ್ದಾಗ ಇಬ್ಬರು ಸುಮ್ಮನಾದರು, ಮೂವರಿಗೆ ಇಳಿಸಿದೆವು, ಹೀಗೆ. ಪ್ರಚಾರ ವಿಭಾಗ ಬರೆದುಕೊಟ್ಟ ಅರ್ಜಿಯಲ್ಲಿ ‘ಸಮಯದ ಅಭಾವ’ ಎಂಬ ಒಂದೇ ಸಾಲಿರುತ್ತದೆ. ಲಗತ್ತುಗಳು ಮೂರೇ: ಒಂದು ಅಸೈನ್‌ಮೆಂಟಿನ ಪ್ರಶ್ನೆಪತ್ರ, ಅದಕ್ಕೆ ಅಂಕ ಕೊಡುವ ರೂಬ್ರಿಕ್ (ಯಾವುದಕ್ಕೆ ಎಷ್ಟು ಅಂಕ ಎಂಬ ಮಾನದಂಡಗಳ ಪಟ್ಟಿ), ಮತ್ತು ಇಬ್ಬರು ವಿದ್ಯಾರ್ಥಿಗಳ ಕೆಲಸ. ಆ ಇಬ್ಬರಲ್ಲಿ ಒಬ್ಬರು ತರಗತಿಯ ಸರಾಸರಿ ಅಂಕದ ಆಸುಪಾಸಿನವರಾಗಿರಬೇಕು. ಇಬ್ಬರ ಲಿಖಿತ ಒಪ್ಪಿಗೆಯೂ ಬೇಕು. ಅತ್ಯುತ್ತಮ ವಿದ್ಯಾರ್ಥಿಯ ಕೆಲಸ ಆ ವಿದ್ಯಾರ್ಥಿಯ ಪ್ರತಿಭೆಯನ್ನು ತೋರಿಸುತ್ತದೆ, ಸರಾಸರಿ ವಿದ್ಯಾರ್ಥಿಯದು ಕಲಿಸಿದವರ ಶ್ರಮವನ್ನು. ಫೋಟೊ, ವಿಡಿಯೊ, ಒಡಂಬಡಿಕೆಗಳ ಪಟ್ಟಿ, ಪ್ರಾಂಶುಪಾಲರ ಶಿಫಾರಸು ಪತ್ರ ಬೇಡ.

ಪ್ರಶ್ನೆಪತ್ರವನ್ನು ಅರ್ಜಿಗಿಂತ ಮೊದಲು ಓದಿ ಎಂದು ತೀರ್ಪುಗಾರರಿಗೆ ಹೇಳುತ್ತೇವೆ. ಅರ್ಜಿಯಲ್ಲಿ ‘ಅಪಾಯ ಎದುರಿಸುವ ಧೈರ್ಯ ಬೆಳೆಸುತ್ತೇವೆ’ ಎಂದಿರುತ್ತದೆ. ಪ್ರಶ್ನೆಪತ್ರದಲ್ಲಿ 20 ಪುಟದ ಬಿಸಿನೆಸ್ ಪ್ಲಾನ್ ಬರೆಯಿರಿ, ಅಚ್ಚುಕಟ್ಟಿಗೆ 30 ಅಂಕ ಎಂದಿರುತ್ತದೆ. ಯಾವುದಕ್ಕೆ ಅಂಕವೋ ವಿದ್ಯಾರ್ಥಿ ಕಲಿಯುವುದು ಅದನ್ನೇ. ಗ್ರಾಹಕರ ಜೊತೆ ಮಾತನಾಡಿ ತನ್ನ ಊಹೆ ತಪ್ಪೆಂದು ಕಂಡುಕೊಂಡ ವಿದ್ಯಾರ್ಥಿಗೆ ಆ ರೂಬ್ರಿಕ್‌ನಲ್ಲಿ ಅಂಕ ಸಿಗುತ್ತದೆಯೇ, ಕಳೆಯುತ್ತದೆಯೇ? ವಿನ್ಯಾಸದ 25 ಅಂಕಗಳಲ್ಲಿ ಹೆಚ್ಚಿನ ಭಾಗವನ್ನು ಈ ಒಂದು ಪ್ರಶ್ನೆಯೇ ತೀರ್ಮಾನಿಸುತ್ತದೆ.

ಪುರಾವೆಯನ್ನು ತೂಗಲು, ತರಬೇತಿಯ ಪರಿಣಾಮ ಅಳೆಯುವುದಕ್ಕೆ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಮಂಡಿಸಿದ ನಾಲ್ಕು ಹಂತಗಳನ್ನು ಬಳಸುತ್ತೇವೆ: ಪ್ರತಿಕ್ರಿಯೆ, ಕಲಿಕೆ, ನಡವಳಿಕೆ, ಫಲಿತಾಂಶ. ‘ಶೇ. 95 ವಿದ್ಯಾರ್ಥಿಗಳಿಗೆ ಇಷ್ಟವಾಯಿತು’ ಎಂಬುದು ಮೊದಲ ಹಂತ, 35ರಲ್ಲಿ 8 ಅಂಕ ದಾಟುವುದಿಲ್ಲ. ಕಲಿಕೆಯನ್ನು ಹೋಲಿಕೆಯೊಂದಿಗೆ ತೋರಿಸಿದರೆ 20ರವರೆಗೆ. ಕೋರ್ಸ್ ಮುಗಿದು ಆರು ತಿಂಗಳಾದ ಮೇಲೂ ನಡವಳಿಕೆ ಬದಲಾಗಿದೆ ಎಂದು ತೋರಿಸಿದವರಿಗಷ್ಟೇ ಅದಕ್ಕಿಂತ ಮೇಲಿನ ಅಂಕಗಳು. ವಿದ್ಯಾರ್ಥಿ ಬೇರೊಂದು ವಿಷಯದ ಪ್ರಾಜೆಕ್ಟಿನಲ್ಲಿ ತಾನಾಗಿ ಬಳಕೆದಾರರನ್ನು ಸಂದರ್ಶಿಸಿದ್ದು, ಇಂಟರ್ನ್‌ಶಿಪ್ಪಿನಲ್ಲಿ ವೆಚ್ಚದ ಲೆಕ್ಕ ಹಾಕಿಕೊಟ್ಟದ್ದು ಇಂಥ ಪುರಾವೆ. ನಾಲ್ಕನೆಯ ಹಂತದ ಫಲಿತಾಂಶಕ್ಕೆ ಕೋರ್ಸೇ ಕಾರಣ ಎಂದು ತೋರಿಸುವುದು ಕಷ್ಟ, ಹಾಗಾಗಿ ಅದನ್ನು ಒತ್ತಾಯಿಸುವುದಿಲ್ಲ.

ಹೋಲಿಕೆಯ ಅಂಕಿಗಳಲ್ಲಿ ಪದೇಪದೇ ಕಾಣುವ ತೊಡಕೊಂದಿದೆ. ಮೊದಲ ದಿನ ‘ಅವಕಾಶ ಗುರುತಿಸುವ ಸಾಮರ್ಥ್ಯ ನಿಮಗೆಷ್ಟಿದೆ’ ಎಂದು ಕೇಳಿದರೆ ವಿದ್ಯಾರ್ಥಿ 5ಕ್ಕೆ 4 ಹಾಕುತ್ತಾನೆ. ಕೆಲಸಕ್ಕಿಳಿದು ಅದರ ಆಳ ತಿಳಿದ ಮೇಲೆ ಕೊನೆಯ ದಿನ 3 ಹಾಕುತ್ತಾನೆ. ಕಲಿತದ್ದು ಬಹಳ, ಅಂಕಿ ಮಾತ್ರ ಇಳಿಕೆ ತೋರಿಸುತ್ತದೆ. ಇದಕ್ಕೆ ಪರಿಹಾರ, ಕೊನೆಯ ದಿನ ಎರಡು ಪ್ರಶ್ನೆಗಳನ್ನು ಅಕ್ಕಪಕ್ಕ ಕೇಳುವುದು: ಈಗ ಎಷ್ಟು, ಇಂದಿನ ತಿಳಿವಳಿಕೆಯಿಂದ ಹಿಂತಿರುಗಿ ನೋಡಿದರೆ ಮೊದಲ ದಿನ ಎಷ್ಟಿತ್ತು. ಈ ಕ್ರಮದಲ್ಲಿ ಮೇಷ್ಟರನ್ನು ಮೆಚ್ಚಿಸುವ ಉತ್ತರಗಳ ಅಪಾಯ ಇದೆ. ಆದ್ದರಿಂದ ಒಂದು ಕೆಲಸವನ್ನೂ ಕೊಡಿ ಎನ್ನುತ್ತೇವೆ: ಒಂದೇ ಬಗೆಯ ಸನ್ನಿವೇಶ, ಆರಂಭದಲ್ಲಿ 30 ನಿಮಿಷ, ಕೊನೆಯಲ್ಲಿ 30 ನಿಮಿಷ. ಉತ್ತರಗಳಿಂದ ಹೆಸರು, ದಿನಾಂಕ ತೆಗೆದು, ಕಲೆಸಿ, ಆ ಕೋರ್ಸ್ ಕಲಿಸದ ಒಬ್ಬರಿಂದ ಅಂಕ ಹಾಕಿಸಬೇಕು. 300 ವಿದ್ಯಾರ್ಥಿಗಳ ತರಗತಿಯಾದರೆ ಯಾದೃಚ್ಛಿಕವಾಗಿ ಆರಿಸಿದ 40 ಉತ್ತರಗಳು ಸಾಕು. ಎಷ್ಟು ಮಂದಿ ಸೇರಿದ್ದರು, ಎಷ್ಟು ಮಂದಿ ಉತ್ತರಿಸಿದರು, ಎರಡನ್ನೂ ಬರೆಯದ ಶೇಕಡಾವಾರಿಗೆ ಅಂಕ ಇಲ್ಲ. ಅರ್ಧಕ್ಕೇ ಬಿಟ್ಟು ಹೋದವರು ಸಮೀಕ್ಷೆ ತುಂಬುವುದಿಲ್ಲವಲ್ಲ.

ತೀರ್ಪುಗಾರರು ಐವರು: ಬೇರೆ ವಿಷಯದ ಅಧ್ಯಾಪಕರು, ಉದ್ಯಮಿ, ಮೌಲ್ಯಮಾಪನ ಬಲ್ಲವರು, ಹಳೆಯ ವಿದ್ಯಾರ್ಥಿ, ಈಗ ಓದುತ್ತಿರುವ ವಿದ್ಯಾರ್ಥಿ. ಪ್ರತಿ ಅರ್ಜಿಯನ್ನು ಮೂವರು ಓದುತ್ತಾರೆ. ಉದ್ಯಮಿಗಳು ಪಿಚ್ (ಒಪ್ಪಿಸುವಂತೆ ಮಂಡಿಸುವ ಮಾತು) ಚೆನ್ನಾಗಿದ್ದರೆ ಮನಸೋಲುತ್ತಾರೆ, ಅಧ್ಯಾಪಕರು ಸಿದ್ಧಾಂತದ ಹೆಸರು ಕಂಡರೆ ಮನಸೋಲುತ್ತಾರೆ. ಹಾಗಾಗಿ ಓದು ಶುರುವಾಗುವ ಮುನ್ನ 90 ನಿಮಿಷದ ಹೊಂದಾಣಿಕೆ ಸಭೆ ಬೇಕೇ ಬೇಕು. ಎರಡು ಮಾದರಿ ಅರ್ಜಿಗಳಿಗೆ ಎಲ್ಲರೂ ಬೇರೆಬೇರೆಯಾಗಿ ಅಂಕ ಹಾಕಿ ತರುತ್ತಾರೆ. 15 ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಬಂದಲ್ಲಿ ರೂಬ್ರಿಕ್‌ನ ಯಾವ ಮಾತು ಅದಕ್ಕೆ ಕಾರಣ ಎಂದು ಹುಡುಕಿ ಆ ಮಾತನ್ನು ತಿದ್ದುತ್ತೇವೆ. ತೀರ್ಪುಗಾರರನ್ನು ತಿದ್ದಲು ಹೋಗುವುದಿಲ್ಲ.

ಓದುವ ಕ್ರಮವೂ ಮುಖ್ಯ. ಒಂದು ಅರ್ಜಿಯನ್ನು ಪೂರ್ತಿ ಓದಿ ಐದೂ ಮಾನದಂಡಗಳಿಗೆ ಒಟ್ಟಿಗೆ ಅಂಕ ಹಾಕಿದರೆ, ಮೊದಲ ಭಾಗ ಹಿಡಿಸಿದ್ದು ಉಳಿದ ಅಂಕಗಳಿಗೂ ಅಂಟಿಕೊಳ್ಳುತ್ತದೆ. ಎಲ್ಲ ಅರ್ಜಿಗಳ ಪುರಾವೆ ಭಾಗವನ್ನು ಒಂದೇ ಪಟ್ಟಿಗೆ ಓದಿ ಮುಗಿಸಿ, ಆಮೇಲೆ ವಿನ್ಯಾಸದ ಭಾಗಕ್ಕೆ ಹೋಗಬೇಕು. ಪ್ರತಿ ತೀರ್ಪುಗಾರರಿಗೂ ಅರ್ಜಿಗಳ ಅನುಕ್ರಮ ಬೇರೆ. ಒಬ್ಬರ ಕೈ ಬಿಗಿ, ಒಬ್ಬರದು ಸಡಿಲ. ಮೂವರ ಸರಾಸರಿ ತೆಗೆದರೆ ಬಿಗಿ ಕೈಗೆ ಸಿಕ್ಕ ಅರ್ಜಿ ಸೋಲುತ್ತದೆ. ಆದ್ದರಿಂದ ಪ್ರತಿಯೊಬ್ಬರ ಅಂಕಗಳಿಂದ ಅವರದೇ ಸರಾಸರಿಯನ್ನು ಕಳೆದು, ಅವರದೇ ಪ್ರಮಾಣಿತ ವಿಚಲನೆಯಿಂದ (ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಅಳತೆಯಿಂದ) ಭಾಗಿಸಿ, ನಂತರ ಕೂಡಿಸುತ್ತೇವೆ. ಎಕ್ಸೆಲ್‌ನಲ್ಲಿ ಹತ್ತು ನಿಮಿಷದ ಕೆಲಸ. ಒಬ್ಬ ತೀರ್ಪುಗಾರರ ಕೈಯಲ್ಲಿ ಹತ್ತಕ್ಕಿಂತ ಕಡಿಮೆ ಅರ್ಜಿಗಳಿದ್ದರೆ ಈ ಲೆಕ್ಕ ನಂಬಿಕೆಗೆ ಅರ್ಹವಲ್ಲ, ಆಗ ಕೂತು ಮಾತನಾಡುವುದೇ ದಾರಿ. ಅರ್ಜಿದಾರರ ಸಂಸ್ಥೆಯಲ್ಲಿ ಕಳೆದ 3 ವರ್ಷದೊಳಗೆ ಕೆಲಸ ಮಾಡಿದವರು, ಜೊತೆಗೆ ಪ್ರಬಂಧ ಬರೆದವರು ಆ ಅರ್ಜಿಯನ್ನು ಓದುವುದೂ ಇಲ್ಲ, ಅದರ ಚರ್ಚೆಯಲ್ಲಿ ಕೂರುವುದೂ ಇಲ್ಲ.

ಅಂತಿಮ ಸುತ್ತಿಗೆ ಬಂದವರ ವಿದ್ಯಾರ್ಥಿಗಳಲ್ಲಿ ನಾಲ್ವರೊಂದಿಗೆ ತೀರ್ಪುಗಾರರು ಮಾತನಾಡುತ್ತಾರೆ. ಹಾಜರಿ ಪಟ್ಟಿಯಿಂದ ಹೆಸರು ಆರಿಸುವುದು ನಾವು, ಅರ್ಜಿದಾರರಲ್ಲ. ಕೇಳುವ ಪ್ರಶ್ನೆಗಳು ಎರಡು: ಈ ಕೋರ್ಸಿನ ನಂತರ ಬೇರೆ ರೀತಿಯಲ್ಲಿ ಮಾಡಿದ ಒಂದು ಕೆಲಸ ಹೇಳಿ, ಅಲ್ಲಿ ನಿಮಗೆ ಕೈಕೊಟ್ಟ ಒಂದು ವಿಷಯ ಹೇಳಿ. ‘ತುಂಬಾ ಪ್ರೇರಣೆ ಸಿಕ್ಕಿತು’ ಎಂಬ ಉತ್ತರವೇ ನಾಲ್ಕೂ ಕಡೆ ಬಂದರೆ ಕಲಿಕೆಯ ಪುರಾವೆಯನ್ನು ಇನ್ನೊಮ್ಮೆ ನೋಡಬೇಕು. 100ಕ್ಕೆ 60 ಯಾರೂ ದಾಟದ ವಿಭಾಗದಲ್ಲಿ ಆ ವರ್ಷ ಪ್ರಶಸ್ತಿ ಇಲ್ಲ, ಇದನ್ನೂ ಪ್ರಕಟಣೆಯಲ್ಲೇ ಹೇಳಿರುತ್ತೇವೆ. ಗೆದ್ದವರು ಎರಡು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ.

ಅರ್ಜಿ ಸಲ್ಲಿಸಲು 8 ವಾರ ಕೊಡಿ, ಪರೀಕ್ಷೆಯ ತಿಂಗಳು ಬೇಡ. ಸಮಾರಂಭದ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ. ಫಲಕಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಸಮಯ: ಮುಂದಿನ ಸೆಮಿಸ್ಟರಿನಲ್ಲಿ ವಾರಕ್ಕೆ ಎರಡು ಗಂಟೆ ಬೋಧನಾ ಹೊರೆ ಇಳಿಸಿ, ಆ ಕೋರ್ಸಿನ ಸಾಮಗ್ರಿಯನ್ನು ಬೇರೆಯವರು ಬಳಸುವಂತೆ ಬರೆದಿಡಲು ಅವಕಾಶ ಕೊಡುವುದು. ಇದಕ್ಕೆ ಸಂಸ್ಥೆಯ ಮುಖ್ಯಸ್ಥರ ಒಪ್ಪಿಗೆಯನ್ನು ಅರ್ಜಿಯ ಹಂತದಲ್ಲೇ ಸಹಿಯೊಂದಿಗೆ ಪಡೆಯಬೇಕು. ಪ್ರಶಸ್ತಿ ಘೋಷಿಸಿದ ಮೇಲೆ ಕೇಳಿದರೆ ಚಪ್ಪಾಳೆ ಸಿಗುತ್ತದೆ, ಸಮಯ ಸಿಗುವುದಿಲ್ಲ.

ಗೆಲ್ಲದವರಿಗೆ ಫಲಿತಾಂಶದ ಎರಡು ವಾರದೊಳಗೆ ಒಂದು ಪುಟದ ಪತ್ರ ಹೋಗುತ್ತದೆ: ಪ್ರತಿ ಮಾನದಂಡದ ಅಂಕ, ಮೆಚ್ಚುಗೆಯಾದ ಒಂದು ಅಂಶ, ಮುಂದಿನ ಸಲ ಸಂಗ್ರಹಿಸಬೇಕಾದ ಒಂದು ಪುರಾವೆ. ‘ಪೈಪೋಟಿ ತೀವ್ರವಾಗಿತ್ತು’ ಎಂಬ ವಾಕ್ಯವನ್ನು ಆ ಪತ್ರದಲ್ಲಿ ಬಳಸುವುದಿಲ್ಲ. ಗೆದ್ದವರನ್ನು 12 ತಿಂಗಳ ನಂತರ ಮೂರು ಪ್ರಶ್ನೆ ಕೇಳುತ್ತೇವೆ: ಕೋರ್ಸ್ ಇನ್ನೂ ನಡೆಯುತ್ತಿದೆಯೇ, ಈಗ ಅದನ್ನು ಕಲಿಸುವವರು ಯಾರು, ಬೇರೆ ಯಾವ ವಿಭಾಗ ಅದನ್ನು ಎತ್ತಿಕೊಂಡಿದೆ. ಆ ಉತ್ತರಗಳನ್ನು ನೋಡಿಯೇ ಮುಂದಿನ ವರ್ಷದ ಕೊನೆಯ ಎರಡು ಮಾನದಂಡಗಳ ವಿವರಣೆಯನ್ನು ತಿದ್ದುತ್ತೇವೆ.