ದಾಳ, ನೂಲು, ಮಣಿಯಲ್ಲಿ ವರ್ಣತಂತುವಿನ ಮಡಿಕೆ

ಮನುಷ್ಯನ ಬಹುತೇಕ ಒಂದೊಂದು ಜೀವಕೋಶದಲ್ಲೂ 46 ವರ್ಣತಂತು, ಒಟ್ಟು ಸುಮಾರು 2 ಮೀಟರ್ ಡಿಎನ್‌ಎ. ಅದು ಕೂತಿರುವ ಕೋಶಕೇಂದ್ರದ ಅಗಲ 6 ಮೈಕ್ರಾನ್ ಆಸುಪಾಸು. ಎಲ್ಲವನ್ನೂ 10,000 ಪಟ್ಟು ಹಿಗ್ಗಿಸಿ ನೋಡಿ: 6 ಸೆಂ.ಮೀ. ಚೆಂಡಿನೊಳಗೆ 20 ಕಿ.ಮೀ. ಉದ್ದದ ಎಳೆ, ದಪ್ಪ ಹತ್ತಿಯ ಒಂದೇ ನಾರಿನಷ್ಟು. ದಾವಣಗೆರೆಯಲ್ಲಿ ಹಿಡಿದು ಬಿಟ್ಟರೆ ಹರಿಹರ ದಾಟುತ್ತದೆ! ಇಷ್ಟು ಎಳೆ ಹೇಗೆ ಮಡಚಿಕೊಂಡಿದೆ ಎಂಬುದನ್ನು ಭೌತಶಾಸ್ತ್ರದ ಮಾದರಿಗಳಿಂದ ತರಗತಿಯಲ್ಲೇ ಪರೀಕ್ಷಿಸಬಹುದು.

ಮೊದಲು, ಎಳೆ ಗುರಿಯಿಲ್ಲದೆ ಅಲೆಯುತ್ತದೆ ಎಂದುಕೊಳ್ಳೋಣ, ಒಂದೊಂದು ಹೆಜ್ಜೆ ಎಳೆಯ ಒಂದೊಂದು ತುಂಡು. 20 ಮಕ್ಕಳಿಗೆ ತಲಾ ಒಂದು ಹಾವು-ಏಣಿ ದಾಳ ಕೊಡಿ. ಆರು ಮುಖಕ್ಕೆ ಆರು ದಿಕ್ಕು: ಎಡ, ಬಲ, ಹಿಂದೆ, ಮುಂದೆ, ಮೇಲೆ, ಕೆಳಗೆ. ಪುಸ್ತಕದಲ್ಲಿ ಮೂರು ಕಂಬಸಾಲು ಎಳೆದು 0, 0, 0ಯಿಂದ ಶುರುಮಾಡಿ, 100 ಸಲ ಉರುಳಿಸಿ, ಪ್ರತಿ ಸಲವೂ ನಿಂತ ಜಾಗ ಬರೆಯಲಿ. ಕೊನೆಯ ಮೂರು ಅಂಕಿಗಳ ವರ್ಗ ಕೂಡಿಸಿ, 20 ಜನರದ್ದೂ ಸೇರಿಸಿ ಸರಾಸರಿ ತೆಗೆದರೆ 100ರ ಸಮೀಪ ಬರಬೇಕು. ಅದರ ವರ್ಗಮೂಲ 10, ಅಂದರೆ ನೂರು ಹೆಜ್ಜೆಯ ಎಳೆಯ ತುದಿಗಳ ನಡುವೆ ಹತ್ತೇ ಹೆಜ್ಜೆ. ವರ್ಗ ಮಾಡದೆ ನೇರ ದೂರಗಳ ಸರಾಸರಿ ತೆಗೆದವರಿಗೆ 9.2ರ ಹತ್ತಿರ ಬರುತ್ತದೆ, ತಪ್ಪಾಯಿತೆಂದು ಗಾಬರಿಯಾಗುತ್ತಾರೆ. ಎರಡೂ ಬೇರೆ ಬೇರೆ ಅಳತೆ, ಅಷ್ಟೆ.

ಈಗ ಸ್ಪರ್ಶ, ಅಂದರೆ ಎಳೆ ತನ್ನನ್ನೇ ಮುಟ್ಟಿದ ಸಂದರ್ಭ, ಎಣಿಸಿ. 4 ಹೆಜ್ಜೆ ಅಂತರದ ಎರಡು ಸಾಲುಗಳಲ್ಲಿ ಒಂದೇ ಜಾಗ ಎಷ್ಟು ಸಲ ಬಂತು? 16 ಹೆಜ್ಜೆಗೆ ಎಷ್ಟು? ಮೊದಲನೆಯದಕ್ಕೆ ಪ್ರತಿ ಪುಸ್ತಕದಲ್ಲಿ 97 ಜೋಡಿ, ಎರಡನೆಯದಕ್ಕೆ 85, ಭಾಗಿಸಲು ಮರೆಯಬೇಡಿ. ಪ್ರಮಾಣ ಸುಮಾರು ಏಳು ಪಟ್ಟು ಇಳಿಯುತ್ತದೆ. ಬೆಸ ಅಂತರ ಹುಡುಕಬೇಡಿ, ಬೆಸ ಹೆಜ್ಜೆಗಳಲ್ಲಿ ಅದೇ ಜಾಗಕ್ಕೆ ಮರಳಲು ಆಗುವುದೇ ಇಲ್ಲ.

ಎಳೆ ಉದ್ದವಾದಾಗ ಈ ಮಾದರಿಯಲ್ಲಿ ಅಂತರ ಹತ್ತು ಪಟ್ಟಾದರೆ ಸ್ಪರ್ಶ ಸುಮಾರು 32 ಪಟ್ಟು ಇಳಿಯಬೇಕು. ಆದರೆ ಡಿಎನ್‌ಎಯ ಯಾವ ಭಾಗ ಯಾವುದಕ್ಕೆ ತಗುಲಿದೆ ಎಂದು ಅಳೆಯುವ 2009ರ ಹೈ-ಸಿ ಪ್ರಯೋಗದಲ್ಲಿ, 5 ಲಕ್ಷದಿಂದ 70 ಲಕ್ಷ ಬೇಸ್ ಜೋಡಿಗಳ (ಡಿಎನ್‌ಎ ಏಣಿಯ ಮೆಟ್ಟಿಲುಗಳ) ಅಂತರದಲ್ಲಿ, ಅಂತರ ಹತ್ತು ಪಟ್ಟಾದಾಗ ಕಂಡ ಇಳಿಕೆ ಹೆಚ್ಚುಕಡಿಮೆ ಹತ್ತೇ ಪಟ್ಟು. ಗುರಿಯಿಲ್ಲದೆ ಅಲೆಯುವ ಎಳೆಯಷ್ಟೇ ಅಲ್ಲ ವರ್ಣತಂತು. (ಚೌಕುಳಿ ಕಾಗದದ ಮೇಲೆ ನಾಲ್ಕೇ ದಿಕ್ಕಿನಲ್ಲಿ ನಡೆದರೂ ಹತ್ತು ಪಟ್ಟು ಬರುತ್ತದೆ. ಹೊಂದಿತೆಂದು ಮೋಸಹೋಗಬೇಡಿ, ಅದು ಕಾಗದ ಚಪ್ಪಟೆಯಾಗಿರುವುದರ ಫಲ.)

ಮತ್ತೇನು ನಡೆಯುತ್ತದೆ ಎಂಬುದಕ್ಕೆ 2 ಮೀಟರ್ ನೂಲು ಸಾಕು. ಒಂದು ಮೀಟರ್ ಅಂತರದಲ್ಲಿ ಎರಡು ದಪ್ಪ ಗಂಟು ಹಾಕಿ. ನಡುವಿನ ನೂಲನ್ನು ಮಡಚಿ, ಆ ಮಡಿಕೆಯನ್ನು ಮಣಿಯ ತೂತಿನಲ್ಲಿ ತೂರಿಸಿ ಎಳೆಯಿರಿ. ಕುಣಿಕೆ ಬೆಳೆಯುತ್ತಾ ಹೋಗಿ, ಎರಡೂ ಗಂಟು ಮಣಿಗೆ ತಗುಲಿದಾಗ ನಿಲ್ಲುತ್ತದೆ. ಮೀಟರ್ ದೂರವಿದ್ದವು ಅಕ್ಕಪಕ್ಕ! ಕೋಶದಲ್ಲಿ ಮಣಿಯ ಕೆಲಸ ಡಿಎನ್‌ಎಯನ್ನು ಕುಣಿಕೆಯಾಗಿ ಎಳೆಯುವ ಉಂಗುರದಂಥ ಕೊಹೆಸಿನ್ ಪ್ರೋಟೀನಿನದು, ಗಂಟಿನ ಕೆಲಸ ಡಿಎನ್‌ಎಗೆ ಅಂಟಿ ಕೂತು ಅದನ್ನು ತಡೆಯುವ ಸಿಟಿಸಿಎಫ್ ಪ್ರೋಟೀನಿನದು. ಗಂಟು ಚಿಕ್ಕದಾದರೆ ಮಣಿಯಲ್ಲಿ ಜಾರಿಹೋಗಿ ಕುಣಿಕೆ ಎಲ್ಲೆಂದರಲ್ಲಿ ನಿಲ್ಲುತ್ತದೆ. ಸಿಟಿಸಿಎಫ್ ತೆಗೆದ ಕೋಶದಲ್ಲೂ ಕುಣಿಕೆಗೆ ನಿಗದಿತ ಜಾಗ ತಪ್ಪುತ್ತದೆ. ಒಂದು ವ್ಯತ್ಯಾಸ ಮಕ್ಕಳಿಗೆ ಹೇಳಲೇಬೇಕು: ನಮ್ಮ ಗಂಟು ಯಾವ ಕಡೆಯಿಂದಲೂ ತಡೆಯುತ್ತದೆ, ಸಿಟಿಸಿಎಫ್‌ಗೆ ಮುಖವಿದೆ. ಎರಡು ಸಿಟಿಸಿಎಫ್ ಎದುರುಬದುರಾಗಿ ಕೂತಲ್ಲೇ ಕುಣಿಕೆ ಗಟ್ಟಿಯಾಗಿ ನಿಲ್ಲುವುದು.